ಅಗ್ಗದ ಆಮದು ಯಂತ್ರ: ಪ್ಲಗ್ ಚುಚ್ಚುವ ಮುನ್ನ

ಪ್ರಶ್ನೆ: ಹೆಸರೇ ಕೇಳಿರದ ಕಂಪನಿಯ 115 ಮಿ.ಮೀ. ಆ್ಯಂಗಲ್ ಗ್ರೈಂಡರ್ (ಡಿಸ್ಕ್ ತಿರುಗಿಸಿ ಲೋಹ ಕತ್ತರಿಸುವ, ಉಜ್ಜುವ ಯಂತ್ರ) ತರಿಸಿದ್ದೇನೆ. ಹೆಸರಾಂತ ಕಂಪನಿಯದರ ಅರ್ಧ ಬೆಲೆಯೂ ಇಲ್ಲ. ಬಳಸುವ ಮುಂಚೆ ಏನೇನು ನೋಡಬೇಕು?

ಉತ್ತರ: ಮೊದಲು ಲೇಬಲ್ ಓದಿ. 110–120 ವೋಲ್ಟಿನ ಯಂತ್ರವನ್ನು 230 ವೋಲ್ಟಿಗೆ ಕೊಟ್ಟರೆ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಸುಡಲು ಹೆಚ್ಚು ಹೊತ್ತು ಬೇಡ. ದೊಡ್ಡ ಚೌಕದೊಳಗೆ ಚಿಕ್ಕ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್. ಅರ್ಥ್ ಪಿನ್ ಬೇಕಿಲ್ಲ. ಗುರುತೂ ಇಲ್ಲ, ಅರ್ಥ್ ವೈರೂ ಇಲ್ಲ ಎಂದಾದರೆ ಬಂದ ಡಬ್ಬದಲ್ಲೇ ವಾಪಸ್ ಕಳಿಸಿ. ಎಲೆಕ್ಟ್ರಿಷಿಯನ್ ಬಳಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇದ್ದರೆ ಇನ್ನೊಂದು ಪರೀಕ್ಷೆ ಮಾಡಿಸಿ: ಯಂತ್ರದ ಸ್ವಿಚ್ ಆನ್ ಮಾಡಿಟ್ಟು, ಪ್ಲಗ್ಗಿನ ಎರಡೂ ಪಿನ್‌ಗಳನ್ನು ಒಟ್ಟಿಗೆ ಸೇರಿಸಿ, ಅಲ್ಲಿಂದ ಗೇರ್ ಹೆಡ್ಡಿನ (ಡಿಸ್ಕ್ ಬಳಿಯ ಗೇರ್ ಪೆಟ್ಟಿಗೆ) ಲೋಹಕ್ಕೆ 500 ವೋಲ್ಟಿನಲ್ಲಿ ಅಳೆಯಬೇಕು. 2 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಯಂತ್ರ ಬೇಡ. ಮಲ್ಟಿಮೀಟರಿನಿಂದ ಈ ಕೆಲಸ ಆಗದು. ಅದು ಕೊಡುವ ಕೆಲವೇ ವೋಲ್ಟಿಗೆ ದುರ್ಬಲ ಇನ್ಸುಲೇಷನ್ನೂ ಗಟ್ಟಿಯಾಗಿಯೇ ಕಾಣುತ್ತದೆ.

ಮುಂದೆ ಗಾರ್ಡ್, ಅಂದರೆ ಡಿಸ್ಕಿನ ಸುತ್ತಲಿನ ತಗಡಿನ ಮರೆ. ಬಿಗಿಮಾಡಿ, ಕೈಯಿಂದ ಬಲವಾಗಿ ತಿರುಗಿಸಿ ನೋಡಿ. ಕೈಗೇ ಜಾರುವ ಗಾರ್ಡ್, ಡಿಸ್ಕ್ ಒಡೆದಾಗ ಚೂರುಗಳ ಹೊಡೆತಕ್ಕೆ ನಿಲ್ಲುವುದಿಲ್ಲ. ತಯಾರಕರು ಕಾಸು ಉಳಿಸುವ ಜಾಗಗಳಲ್ಲಿ ಇದೂ ಒಂದು: ತೆಳು ತಗಡು, ಹಲ್ಲು ಸವೆದ ಒಂದು ಸ್ಕ್ರೂ. ಆಮೇಲೆ ಸ್ಪಿಂಡಲ್ (ಡಿಸ್ಕ್ ಕೂರುವ ದಂಡ) ಹಿಡಿದು ಅಕ್ಕಪಕ್ಕ ಅಲುಗಿಸಿ. ಬೇರಿಂಗಿನಲ್ಲಿ ಸಡಿಲ ಕೈಗೆ ಗೊತ್ತಾಗುವಷ್ಟಿದ್ದರೆ ಡಿಸ್ಕ್ ಅಂಚಿನಲ್ಲಿ ಅದು ಇನ್ನೂ ಹೆಚ್ಚು. ಒಳ ಫ್ಲ್ಯಾಂಜಿನ (ಡಿಸ್ಕಿಗೆ ಆನಿಕೆಯಾಗುವ ಲೋಹದ ಬಿಲ್ಲೆ) ಮೇಲೆ ಡಿಸ್ಕ್ ಸಂದಿಲ್ಲದೆ ಕೂರಬೇಕು. ಎರಕದ ಗಂಟು ಉಳಿದಿದ್ದರೆ ಸಣ್ಣ ಅರದಿಂದ ತೆಗೆಯಬಹುದು.

ಎಲ್ಲ ಸರಿ ಕಂಡರೆ ಗಾರ್ಡ್ ಹಾಕಿ, ಮುಖಕ್ಕೆ ಶೀಲ್ಡ್ ಧರಿಸಿ, ಡಿಸ್ಕಿನ ಅಂಚಿನ ನೇರಕ್ಕೆ ಯಾರೂ ಇಲ್ಲದಂತೆ ಹಿಡಿದು, ಒಂದು ನಿಮಿಷ ಖಾಲಿ ಓಡಿಸಿ. ಗಾಳಿಕಿಂಡಿಯೊಳಗೆ ಬ್ರಷ್ (ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ಬಳಿ ಸಣ್ಣ ನೀಲಿ ಕಿಡಿ ಸಹಜ. ಬ್ರಷ್ ಉಜ್ಜುವ ತಾಮ್ರದ ಉರುಳೆಯ (ಕಮ್ಯುಟೇಟರ್) ಸುತ್ತ ಬೆಂಕಿಯ ಬಳೆಯೇ ಕಂಡರೆ ತಕ್ಷಣ ನಿಲ್ಲಿಸಿ: ಬ್ರಷ್ ಸರಿಯಾಗಿ ಕೂತಿಲ್ಲ, ಇಲ್ಲವೇ ಆರ್ಮೇಚರ್ ವೈಂಡಿಂಗ್ ಕೆಟ್ಟಿದೆ. ಹಿಂದಿರುಗಿಸುವ ಅವಧಿ ಮುಗಿದ ಮೇಲೆ ಗೇರ್ ಹೆಡ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ಗ್ರೀಸ್ ನೋಡುವುದು ಒಳ್ಳೆಯದು. ಹಲ್ಲುಗಳಿಗೆ ತಾಗದಂತೆ ಮೂಲೆಯಲ್ಲೊಂದು ಮುದ್ದೆ ಮೆತ್ತಿ ಕಳಿಸಿರುವುದುಂಟು. ಹಲ್ಲುಗಳಿಗೆ ಲಿಥಿಯಂ ಗ್ರೀಸ್ ಸವರಿ, ಒಳಜಾಗದ ಮೂರನೇ ಒಂದು ಭಾಗ ತುಂಬಿದರೆ ಸಾಕು. ಹೆಚ್ಚಾದರೆ ಬಿಸಿಗೆ ಕರಗಿ ಮೋಟರಿನೊಳಕ್ಕೆ ಇಳಿಯುತ್ತದೆ. ಬಿಚ್ಚಿದರೆ ವಾರಂಟಿ ಹೋಗುತ್ತದಲ್ಲ ಎನ್ನಬಹುದು. ಹೆಸರಿಲ್ಲದ ಕಂಪನಿಯ ವಾರಂಟಿಯನ್ನು ಯಾರ ಬಳಿ ಕೇಳುತ್ತೀರಿ?

ಯಂತ್ರಕ್ಕಿಂತ ಹೆಚ್ಚು ಅನುಮಾನ ಪಡಬೇಕಾದ್ದು ಡಬ್ಬದಲ್ಲಿ ಪುಕ್ಕಟೆ ಬರುವ ಡಿಸ್ಕ್. ರೆಸಿನ್ ಎಂಬ ಅಂಟಿನಿಂದ ಕಟ್ಟಿದ ಕಟಿಂಗ್ ಡಿಸ್ಕಿನ ಮೇಲೆ 80 ಮೀ/ಸೆ. ಎಂಬ ಅಂಚಿನ ವೇಗದ ಮಿತಿ ಇರಬೇಕು, 115 ಮಿ.ಮೀ. ಡಿಸ್ಕಿಗೆ ಅದು ಸುಮಾರು 13,300 ಆರ್‌ಪಿಎಂ. ಮಧ್ಯದ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತಾರೆ; ತಯಾರಾದ ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯಿತು, ಏಕೆಂದರೆ ರೆಸಿನ್ ತೇವ ಹೀರಿ ಸಡಿಲವಾಗುತ್ತದೆ. ಈ ಎರಡೂ ಬರಹ ಇಲ್ಲದ ಡಿಸ್ಕನ್ನು ಮುರಿದು ಕಸಕ್ಕೆ ಹಾಕಿ.

ಗಾರ್ಡ್ ಬಿಚ್ಚಿ 180 ಮಿ.ಮೀ. ಡಿಸ್ಕ್ ಹಾಕಿಕೊಳ್ಳುವವರಿಗಾಗಿ ಒಂದು ಲೆಕ್ಕ. 11,000 ಆರ್‌ಪಿಎಂ ಗ್ರೈಂಡರಿನಲ್ಲಿ 115 ಮಿ.ಮೀ. ಡಿಸ್ಕಿನ ಅಂಚು ಸೆಕೆಂಡಿಗೆ 66 ಮೀಟರ್ ಓಡುತ್ತದೆ. 180ರದು 104 ಮೀಟರ್. ಡಿಸ್ಕನ್ನು ಸೀಳುವ ಬಲ ವೇಗದ ವರ್ಗದಷ್ಟು ಏರುವುದರಿಂದ, 80 ಮೀಟರಿನ ಮಿತಿಯಲ್ಲಿ ಬೀಳುವುದರ ಸುಮಾರು 1.7 ಪಟ್ಟು ಹೊರೆ ಬೀಳುತ್ತದೆ. ಅದನ್ನು ತಡೆಯಬೇಕಾದ ಗಾರ್ಡ್ ಆಗಲೇ ಮೂಲೆ ಸೇರಿರುತ್ತದೆ.

ಪ್ರಶ್ನೆ: ಕಾರ್ಡ್‌ಲೆಸ್ ಡ್ರಿಲ್ಲಿನ ಬ್ಯಾಟರಿ ಮೇಲೆ ‘48 ವಿಎಫ್, 6000 ಎಂಎಎಚ್’ ಎಂದಿದೆ. ಕೆಲಸ ಮಾತ್ರ ನನ್ನ ಹಳೆಯ 18 ವೋಲ್ಟಿನದಕ್ಕಿಂತ ಕಡಿಮೆ. ಮೋಸವೇ?

ಉತ್ತರ: ಹೌದು. ಒಂದು ಲಿಥಿಯಂ ಅಯಾನ್ ಸೆಲ್ಲಿನ ಸರಾಸರಿ 3.6 ವೋಲ್ಟ್, ಪೂರ್ತಿ ಚಾರ್ಜಾದಾಗ 4.2. ಐದು ಸೆಲ್ಲುಗಳ ಸರಣಿ ಎಂದರೆ 18 ವೋಲ್ಟ್, ಚಾರ್ಜ್ ಮುಗಿದ ಗಳಿಗೆಯಲ್ಲಿ 21. ‘18’, ‘20 ಮ್ಯಾಕ್ಸ್’, ‘21’ ಎಂದು ಬರೆದ ಬ್ಯಾಟರಿಗಳೊಳಗೆ ಇರುವುದು ಇದೇ ಐದರ ಸರಣಿ. ‘48 ವಿಎಫ್’, ‘88 ವಿಎಫ್’ ಎಂಬವು ವೋಲ್ಟೇಜೇ ಅಲ್ಲ, ಕಣ್ಣಿಗೆ ಮಣ್ಣೆರಚಲು ಬರೆದ ಅಂಕಿ. ಮಲ್ಟಿಮೀಟರ್ ಇಟ್ಟರೆ ನಿಜ ಹೊರಬೀಳುತ್ತದೆ.

ಎಂಎಎಚ್ (ಮಿಲಿ ಆ್ಯಂಪಿಯರ್-ಗಂಟೆ, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಸುಳ್ಳನ್ನು ತಕ್ಕಡಿ ಬಯಲು ಮಾಡುತ್ತದೆ. ಸಾಮಾನ್ಯವಾಗಿ ಬಳಸುವ 18650 ಅಳತೆಯ ಸೆಲ್ಲಿನ ತೂಕ 45–50 ಗ್ರಾಂ. ಅತ್ಯುತ್ತಮ ಸೆಲ್ಲಿನಲ್ಲೂ 3,500 ಎಂಎಎಚ್ ಆಸುಪಾಸಿಗಿಂತ ಹೆಚ್ಚಿಲ್ಲ, ಅಗ್ಗದವುಗಳಲ್ಲಿ 1,300–2,000. ಲೇಬಲ್ ನಿಜವಾಗಿದ್ದರೆ 48 ವೋಲ್ಟ್, 6 ಆ್ಯಂಪಿಯರ್-ಗಂಟೆಗೆ 288 ವ್ಯಾಟ್-ಗಂಟೆ ಆಯಿತು. ಅತ್ಯುತ್ತಮ ಸೆಲ್ಲುಗಳೇ 23 ಬೇಕು, ಬರೀ ಸೆಲ್ಲುಗಳೇ ಒಂದು ಕಿಲೋ ದಾಟಬೇಕು. ನಿಮ್ಮ ಬ್ಯಾಟರಿ 350–400 ಗ್ರಾಂ ತೂಗಿದರೆ ಒಳಗಿರುವುದು ಐದೇ.

ಸುಳ್ಳು ಲೇಬಲ್ಲಿಗಿಂತ ಚಾರ್ಜರ್ ಬಗ್ಗೆ ಹೆಚ್ಚು ಹೆದರಬೇಕು. ಅಗ್ಗದ ಸೆಟ್‌ಗಳ ಅಡಾಪ್ಟರಿಗೆ ದುಂಡು ಪಿನ್ ಇರುತ್ತದೆ; 3 ಸೆಲ್ಲಿನ ಬ್ಯಾಟರಿಯ 12.6 ವೋಲ್ಟ್ ಅಡಾಪ್ಟರಿಗೂ 5 ಸೆಲ್ಲಿನ 21 ವೋಲ್ಟ್ ಅಡಾಪ್ಟರಿಗೂ ಅದೇ ಪಿನ್. ಅದಲುಬದಲಾಗಿ ಚುಚ್ಚಿದರೆ ತಡೆಯಬೇಕಾದ್ದು ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಒಂದೇ, ಕೆಲವದರಲ್ಲಿ ಅದೂ ಇರುವುದಿಲ್ಲ. ಅಡಾಪ್ಟರ್ ಮೇಲೆ ದಪ್ಪ ಅಕ್ಷರದಲ್ಲಿ ವೋಲ್ಟೇಜ್ ಬರೆದು ಅಂಟಿಸಿ. ಕೆಲಸ ಮುಗಿದ ಬಿಸಿ ಬ್ಯಾಟರಿಯನ್ನು ತಣಿಯಲು ಬಿಟ್ಟೇ ಚಾರ್ಜಿಗಿಡಿ. 45 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಲ್ಲಿಗೆ ಚಾರ್ಜ್ ಬೇಡ. ಟೈಲ್ಸ್ ಅಥವಾ ಕಲ್ಲಿನ ಮೇಲಿಡಿ, ಮರದ ಹೊಟ್ಟಿನಿಂದ ದೂರ, ಮನೆಯವರು ಎಚ್ಚರವಿರುವಾಗ ಮಾತ್ರ. ಮೈ ಉಬ್ಬಿದ್ದರೆ ಅಥವಾ ಸಿಹಿ ವಾಸನೆ ಬಂದರೆ ಮತ್ತೆ ಚಾರ್ಜ್ ಮಾಡಬೇಡಿ.

ಪ್ರಶ್ನೆ: ಸಿಇ ಗುರುತು ಇದ್ದರೆ ನಂಬಬಹುದೆ?

ಉತ್ತರ: ಅದರ ಮೇಲಷ್ಟೇ ನಂಬಿಕೆ ಇಡಬೇಡಿ. ಈ ಬಗೆಯ ಬಹುತೇಕ ಯಂತ್ರಗಳಿಗೆ ಸಿಇ ಎಂದರೆ ಯುರೋಪಿನ ನಿಯಮ ಪಾಲಿಸಿದ್ದೇವೆಂದು ತಯಾರಕರೇ ಮಾಡಿಕೊಳ್ಳುವ ಘೋಷಣೆ. ಅಮೆರಿಕದ ಯುಎಲ್, ಜರ್ಮನಿಯ ಜಿಎಸ್ ಸುರಕ್ಷತಾ ಗುರುತುಗಳ ಹಿಂದೆ ಹೊರಗಿನ ಸಂಸ್ಥೆಯ ಪರೀಕ್ಷೆ ಇರುತ್ತದೆ. ಆದರೆ ಅವನ್ನೂ ನಕಲು ಮಾಡುವವರಿದ್ದಾರೆ, ಹಾಗಾಗಿ ಪ್ರಮಾಣಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ ನೋಡಿ.

ಪ್ರಶ್ನೆ: ಹೊಸ ಡ್ರಿಲ್ಲಿನಲ್ಲಿ ಬಿಟ್ ತುದಿ ಓಲಾಡುತ್ತದೆ. ತಪ್ಪು ಚಕ್ಕಿನದೋ ಯಂತ್ರದ್ದೋ?

ಉತ್ತರ: ನೇರವಿರುವುದು ಖಾತ್ರಿಯಾದ 8 ಮಿ.ಮೀ. ನಯವಾದ ಸರಳನ್ನು ಚಕ್ಕಿಗೆ (ಬಿಟ್ ಕಚ್ಚಿ ಹಿಡಿಯುವ ಭಾಗ) ಹಾಕಿ, ಕೈಯಿಂದ ತಿರುಗಿಸುತ್ತಾ ಓಲಾಟ ಗಮನಿಸಿ. ಸರಳನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಓಲುವ ದಿಕ್ಕು ಸರಳಿನ ಜೊತೆ ಬದಲಾದರೆ ಸರಳೇ ಡೊಂಕು. ಬದಲಾಗದಿದ್ದರೆ ಚಕ್ ಬಿಚ್ಚಿ ಬರೀ ಸ್ಪಿಂಡಲ್ ತಿರುಗಿಸಿ ನೋಡಿ. ಹಿಂದೆ ಮುಂದೆ ತಿರುಗುವ ಡ್ರಿಲ್ಲಿನಲ್ಲಿ ಚಕ್ಕಿನ ದವಡೆ ಪೂರ್ತಿ ತೆರೆದರೆ ತಳದಲ್ಲೊಂದು ಸ್ಕ್ರೂ ಕಾಣುತ್ತದೆ. ಅದರ ಮರೆ ಎಡಸುತ್ತಿನದು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೆ ದೊಡ್ಡ ಅಲೆನ್ ಕೀಯ ಗಿಡ್ಡ ತುದಿಯನ್ನು ಚಕ್ಕಿಗೆ ಕಚ್ಚಿಸಿ, ಉದ್ದ ತುದಿಗೆ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಿಗೆಯಿಂದ ಒಂದು ಚುರುಕು ಪೆಟ್ಟು ಕೊಡಿ. ಸ್ಪಿಂಡಲ್ ನೆಟ್ಟಗಿದ್ದರೆ ಒಳ್ಳೆಯ ಚಕ್ ಹಾಕಿದರಾಯಿತು. ಸ್ಪಿಂಡಲ್ಲೇ ಡೊಂಕಿದ್ದರೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಹಾಗಾದರೆ ಯಾವುದನ್ನು ಅಗ್ಗದ್ದು ಕೊಳ್ಳಬಹುದು? ಪುಟ್ಟ ಟೇಬಲ್ ಸಾ ಮೇಲೆ ಕಣ್ಣಿದೆ.

ಉತ್ತರ: ಸ್ಯಾಂಡರ್, ಹಾಟ್ ಏರ್ ಗನ್, ಜಿಗ್ ಸಾ ಕೈಕೊಟ್ಟರೆ ಬಹುಮಟ್ಟಿಗೆ ಕೆಡುವುದು ಕೆಲಸ, ವಿದ್ಯುತ್ ಭದ್ರತೆ ಸರಿಯಿದ್ದರೆ ಅಗ್ಗದ್ದೂ ನಡೆಯುತ್ತದೆ. ಟೇಬಲ್ ಸಾ ಕೈಕೊಟ್ಟರೆ ಹಲಗೆ ಹೊಟ್ಟೆಗೆ ಬಂದು ಬಡಿಯುತ್ತದೆ. ಬ್ಲೇಡಿನ ಹಿಂದೆ, ಅದರ ಜೊತೆಗೇ ಏರಿಳಿಯುವ ರೈವಿಂಗ್ ನೈಫ್ (ಸೀಳಿದ ಹಲಗೆ ಮತ್ತೆ ಕೂಡಿ ಬ್ಲೇಡನ್ನು ಹಿಡಿಯದಂತೆ ತಡೆಯುವ ಪಟ್ಟಿ) ಇಲ್ಲದ್ದನ್ನು ಕೊಳ್ಳಲೇಬೇಡಿ. ಅದು ಹಲ್ಲುಗಳಿಂದ 3–8 ಮಿ.ಮೀ. ದೂರವಿರಬೇಕು; ಅದರ ದಪ್ಪವು ಬ್ಲೇಡಿನ ಮೈಗಿಂತ ಹೆಚ್ಚು, ಹಲ್ಲು ಕೊರೆಯುವ ಸೀಳಿಗಿಂತ ಕಡಿಮೆ. ಫೆನ್ಸ್ (ಹಲಗೆ ಆನಿಸಿ ತಳ್ಳುವ ಪಟ್ಟಿ) ಬಿಗಿಮಾಡಿ, ಅದಕ್ಕೂ ಬ್ಲೇಡಿಗೂ ನಡುವಿನ ಅಂತರವನ್ನು ಬ್ಲೇಡಿನ ಮುಂದೆ, ಹಿಂದೆ ಎರಡೂ ಕಡೆ ಅಳೆಯಿರಿ. ಹಿಂದಿನ ಅಂತರ ಕಡಿಮೆಯಿದ್ದರೆ ಹಲಗೆ ಬ್ಲೇಡಿನ ಹಿಂಬದಿಗೆ ಸಿಕ್ಕಿಕೊಂಡು ಎಗರುತ್ತದೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗದ ಸ್ವಿಚ್ ಕೂಡ ಬೇಕು.

ಪ್ರಶ್ನೆ: 1500 ವ್ಯಾಟಿನ ಯಂತ್ರ ಓಡಿಸಿದರೆ 20 ಮೀಟರಿನ ಎಕ್ಸ್‌ಟೆನ್ಷನ್ ವೈರ್ ಬಿಸಿಯಾಗುತ್ತದೆ.

ಉತ್ತರ: ವೈರನ್ನು ಸುತ್ತಿಟ್ಟೇ ಬಳಸುತ್ತಿರಬೇಕು. 230 ವೋಲ್ಟಿನಲ್ಲಿ ಆ ಯಂತ್ರ 6.5 ಆ್ಯಂಪಿಯರ್ ಎಳೆಯುತ್ತದೆ. 0.75 ಚದರ ಮಿ.ಮೀ. ತಾಮ್ರದ 20 ಮೀಟರ್ ವೈರಿನಲ್ಲಿ ಹೋಗಿ ಬರುವ ದಾರಿಯ ಪ್ರತಿರೋಧ ಸುಮಾರು 0.93 ಓಮ್, 6 ವೋಲ್ಟ್ ಅಲ್ಲೇ ಕಳೆದು 40 ವ್ಯಾಟ್ ಶಾಖವಾಗುತ್ತದೆ. ಹರಡಿದ್ದರೆ ಗಾಳಿಗೆ ಹೋಗುವ ಶಾಖ, ಸುರುಳಿಯೊಳಗೆ ಕೂಡಿಹಾಕಿಕೊಳ್ಳುತ್ತದೆ. ಪೂರ್ತಿ ಬಿಚ್ಚಿ ಬಳಸಿ. ಹೊಸದು ಕೊಳ್ಳುವಾಗ 1.5 ಚದರ ಮಿ.ಮೀ. ತೆಗೆದುಕೊಂಡರೆ ಶಾಖ ಅರ್ಧಕ್ಕಿಳಿಯುತ್ತದೆ. ತುದಿಯ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಪ್ರತಿರೋಧ ಸುಮಾರು ಒಂದೂವರೆ ಪಟ್ಟು. ಅಂಥದ್ದನ್ನು ದೀಪಕ್ಕೋ ಮೊಬೈಲ್ ಚಾರ್ಜರಿಗೋ ಬಿಡಿ.