ಅಂಗಿ ಚುಚ್ಚುತ್ತದೆ ಅಂದರೆ ಚುಚ್ಚುತ್ತದೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ಆರು ವರ್ಷದ ಮಗ ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಯೂನಿಫಾರ್ಮ್ ಹಾಕಲು ದಿನಾ ರಂಪ, ನಾದಿನಿ ಮದುವೆಯಲ್ಲಿ ವಾಲಗ ಶುರುವಾಗಿದ್ದೇ ತಡ ಚೀರಾಡಿಬಿಟ್ಟ. ‘ಮುದ್ದು ಜಾಸ್ತಿ, ಎರಡೇಟು ಬಿದ್ದರೆ ಸರಿಹೋಗ್ತಾನೆ’ ಅನ್ನುವುದು ಮನೆ ಹಿರಿಯರ ತೀರ್ಮಾನ. ಏನು ಮಾಡಲಿ?

ಏಟಂತೂ ಬೇಡ. ಹೊಡೆದರೆ ಮಿಕ್ಸಿ ಸದ್ದು ಕಡಿಮೆಯಾಗುತ್ತಾ? ಅವನ ಕಿವಿ ಸರಿಯಾಗಿಯೇ ಇರಬಹುದು; ಕೇಳಿದ್ದನ್ನು, ಮೈಗೆ ತಾಗಿದ್ದನ್ನು ಮಿದುಳು ಸಂಭಾಳಿಸುವ ರೀತಿ ಬೇರೆ. ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಇದನ್ನು 1970ರ ದಶಕದಲ್ಲೇ ಬರೆದಿದ್ದರು.

ನನ್ನ ಅಣ್ಣನ ಮಗಳೂ ಹೀಗೇ. ಕಾಲರ್ ಹಿಂದಿನ ಲೇಬಲ್ ಚುಚ್ಚುತ್ತದೆ ಅಂತ ಅಳುತ್ತಿದ್ದಳು, ನಾನು ದೊಡ್ಡ ಜಾಣನ ಹಾಗೆ ಕತ್ತರಿ ತಂದು ಕಚಕ್ಕನೆ ಕತ್ತರಿಸಿದೆ. ಅಳು ಇನ್ನೂ ಜೋರಾಯಿತು. ಬೆರಳಾಡಿಸಿ ನೋಡಿದರೆ, ಹೊಲಿಗೆಯಲ್ಲಿ ಉಳಿದ ಚೂರು ಬಾಚಣಿಗೆ ಹಲ್ಲಿನ ಹಾಗೆ ನಿಂತಿತ್ತು! ಹೊಲಿಗೆ ಬಿಚ್ಚಿಯೇ ತೆಗೆಯಬೇಕು. ಹೊಸ ಅಂಗಿಯನ್ನು ನಾಲ್ಕು ಸಲ ಒಗೆಯಿರಿ, ಒಳಗೆ ಹಳೇ ಬನಿಯನ್ ಹಾಕಿಸಿ.

ಮಿಕ್ಸಿ ಹಾಕುವ ಮೊದಲು ಹೇಳಿ. ಒಮ್ಮೊಮ್ಮೆ ಬಟನ್ ಅವನೇ ತಿರುಗಿಸಲಿ, ಸದ್ದು ಯಾವಾಗ ನಿಲ್ಲುತ್ತದೆ ಅನ್ನುವುದು ತನ್ನ ಕೈಲಿದ್ದರೆ ಭಯ ಕಡಿಮೆ. ಛತ್ರಕ್ಕೆ ಬೇಗ ಹೋಗಿ ಖಾಲಿ ರೂಮು ನೋಡಿಟ್ಟುಕೊಳ್ಳಿ. ಕಿವಿಗೆ ಇಯರ್‌ಮಫ್ ಇರಲಿ (ನೆಂಟರು ನಕ್ಕರೆ ನಗಲಿ), ಆದರೆ ದಿನವಿಡೀ ಬೇಡ, ಕಿವಿ ಇನ್ನೂ ಸೂಕ್ಷ್ಮವಾಗಬಹುದು. ಎಣ್ಣೆ ಹಚ್ಚುವಾಗ ತುದಿಬೆರಳಲ್ಲಿ ಸವರಬೇಡಿ, ಅಂಗೈ ಒತ್ತಿ ತಿಕ್ಕಿ. ಇಂಥ ಎಷ್ಟೋ ಮಕ್ಕಳಿಗೆ ಕಚಗುಳಿಯಂಥ ಸ್ಪರ್ಶಕ್ಕಿಂತ ಗಟ್ಟಿ ಸ್ಪರ್ಶವೇ ಹಿತ. ಚಪಾತಿ ಹಿಟ್ಟು ನಾದಲು ಕೊಟ್ಟು ನೋಡಿ.

ಇಷ್ಟಕ್ಕೇ ಇದು ಆಟಿಸಂ ಅಂತ ಗಾಬರಿಯಾಗಬೇಡಿ. ಆದರೆ ಮಾತು ತಡವಾಗಿದ್ದರೆ, ಕರೆದರೆ ತಿರುಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ‘ಸೆನ್ಸರಿ ಥೆರಪಿ’ (ಸದ್ದು, ಸ್ಪರ್ಶಕ್ಕೆ ಮಗುವನ್ನು ಆಟಗಳ ಮೂಲಕ ಒಗ್ಗಿಸುವ ಚಿಕಿತ್ಸೆ) ಅಂತ ವರ್ಷದ ಪ್ಯಾಕೇಜ್ ಮಾರುವವರಿಗೆ ಮಾತ್ರ ಥಟ್ಟನೆ ದುಡ್ಡು ಕಟ್ಟಬೇಡಿ. ಅದರ ಫಲದ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಮೂರು ತಿಂಗಳಲ್ಲಿ ಏನು ಬದಲಾಗಬೇಕು ಅಂತ ಮೊದಲೇ ಬರೆಸಿಕೊಳ್ಳಿ.

ಅಂದ ಹಾಗೆ, ಮಾವನವರಿಗೆ ಉಣ್ಣೆ ಸ್ವೆಟರ್ ಮೈಗೆ ತಾಗಿದರೇ ಆಗುವುದಿಲ್ಲ, ಸ್ಟೀಲ್ ತಟ್ಟೆ ಕೆರೆದರೆ ಸಿಡುಕುತ್ತಾರೆ ಅಂತ ನೀವೇ ಬರೆದಿದ್ದೀರಲ್ವಾ? ಮೊಮ್ಮಗನ ಪರ ವಾದಿಸಲು ಅವರನ್ನೇ ಹಿಡಿಯಿರಿ.