ಹಿತ್ತಲಿನಲ್ಲಿ ತುಡುವೆ ಜೇನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯ ಹಿಂದೆ ಹತ್ತು ಅಡಿ ಅಗಲದ ಜಾಗವಿದ್ದು, ಅಲ್ಲಿ ಒಂದು ನುಗ್ಗೆ ಮತ್ತು ಒಂದು ಕರಿಬೇವಿನ ಮರಗಳಿವೆ. ಜೇನು ಸಾಕಬೇಕೆಂಬುದು ಬಹುದಿನದ ಆಸೆ. ಯಾವ ಜೇನನ್ನು ತರಬೇಕು, ಎಲ್ಲಿಂದ ಆರಂಭಿಸಬೇಕು?
– ಓದುಗರು, ವಿದ್ಯಾರಣ್ಯಪುರ

ಉತ್ತರ: ನಿಮ್ಮ ಹಿತ್ತಲಿಗೆ ತುಡುವೆ ಜೇನೇ ಸರಿ. ಅದು ನಮ್ಮ ನಾಡಿನದೇ ಜೇನು. ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳಂತಹ ಕತ್ತಲೆಯ ಜಾಗದಲ್ಲಿ ಸಾಲಾಗಿ ಹಲವು ಎರಿಗಳನ್ನು (ಕಣಗಳಿರುವ ಮೇಣದ ಹಲಗೆಗಳನ್ನು) ಕಟ್ಟುವ ಸ್ವಭಾವ ಅದಕ್ಕಿರುವುದರಿಂದಲೇ ಪೆಟ್ಟಿಗೆಯಲ್ಲಿಯೂ ಒಗ್ಗಿಕೊಳ್ಳುತ್ತದೆ. ಇಟಾಲಿಯನ್ ಜೇನು ಹೆಚ್ಚು ತುಪ್ಪ ಕೊಡುತ್ತದೆ ಎಂಬುದು ನಿಜವಾದರೂ, ಅದಕ್ಕೆ ಹೂವು ವಿಪುಲವಾಗಿ ಬೇಕು, ಹೂವು ಮುಗಿದಾಗ ಪೆಟ್ಟಿಗೆಗಳನ್ನು ಬೇರೆ ಊರಿಗೆ ಸಾಗಿಸಬೇಕು. ಒಂದೇ ಪೆಟ್ಟಿಗೆಯನ್ನು ಒಂದೇ ಕಡೆ ಇಟ್ಟುಕೊಳ್ಳುವವರಿಗೆ ಅದು ಹೊಂದುವುದಿಲ್ಲ.

ಜೇನು ತರುವ ಮೊದಲು ಸುತ್ತಲಿನ ಮರಗಳನ್ನು ನೋಡಿಕೊಳ್ಳಿ. ತುಡುವೆ ಸಾಮಾನ್ಯವಾಗಿ ಒಂದು ಒಂದೂವರೆ ಕಿಲೋಮೀಟರ್ ದೂರದವರೆಗೆ ಹೋಗಿ ಮೇಯುತ್ತದೆ. ಆದ್ದರಿಂದ ನಿಮ್ಮ ಎರಡು ಮರಗಳಿಗಿಂತ ಬಡಾವಣೆಯ ರಸ್ತೆಬದಿಯ ಹೊಂಗೆ, ಬೇವು, ನೇರಳೆ, ಹುಣಸೆ ಮರಗಳೂ ನೆರೆಮನೆಗಳ ತೆಂಗು, ತುಳಸಿಗಳೂ ಮುಖ್ಯ. ಬೆಂಗಳೂರಿನಲ್ಲಿ ಬೇಸಿಗೆಯ ಆರಂಭದಿಂದ ಇವು ಒಂದಾದ ಮೇಲೊಂದರಂತೆ ಹೂಬಿಡುವುದರಿಂದ ಮಾರ್ಚ್‌ನಿಂದ ಮೇ ವರೆಗೆ ಮಕರಂದಕ್ಕೆ ಬರವಿರುವುದಿಲ್ಲ. ಕಷ್ಟದ ಕಾಲ ಮಳೆಗಾಲ. ಈ ಕಾರಣಕ್ಕಾಗಿಯೇ ಹೊಸಬರು ಮಳೆ ಹಿಂದೆಗೆದ ಮೇಲೆ, ನವೆಂಬರ್‌ನಿಂದ ಜನವರಿಯೊಳಗೆ, ಜೇನು ಕುಟುಂಬವನ್ನು (ರಾಣಿಯೊಂದಿಗೆ ಇಡೀ ಗೂಡಿನ ನೊಣಗಳನ್ನು) ತರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕುಟುಂಬ ನೆಲೆಯೂರಿ ಬೆಳೆಯುವ ಹೊತ್ತಿಗೆ ಹೂವಿನ ಕಾಲವೂ ಕೂಡಿಬರುತ್ತದೆ.

ನೀವು ವಿದ್ಯಾರಣ್ಯಪುರದಲ್ಲಿರುವುದರಿಂದ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ ಇದೆ. ಅಲ್ಲಿ ಜೇನು ಕೃಷಿಗೆಂದೇ ಒಂದು ವಿಭಾಗವಿದೆ. ತರಬೇತಿಯ ಬಗ್ಗೆ ಅಲ್ಲಿ ವಿಚಾರಿಸಿ; ಲಾಲ್‌ಬಾಗಿನಲ್ಲಿರುವ ತೋಟಗಾರಿಕೆ ಇಲಾಖೆಯಲ್ಲಿಯೂ ಕೇಳಿ. ಪುಸ್ತಕ ಓದಿ ತಿಳಿಯುವುದಕ್ಕಿಂತ, ಬಲ್ಲವರು ಪೆಟ್ಟಿಗೆ ತೆರೆಯುವಾಗ ಒಮ್ಮೆ ಪಕ್ಕದಲ್ಲಿ ನಿಂತು, ಎರಿಯಿರುವ ಚೌಕಟ್ಟನ್ನು ನಿಮ್ಮ ಕೈಯಲ್ಲೇ ಹಿಡಿದು ನೋಡುವುದರಿಂದ ಬರುವ ಧೈರ್ಯವೇ ಬೇರೆ.

ಕುಟುಂಬವನ್ನು ಕೊಳ್ಳುವಾಗ ಪೆಟ್ಟಿಗೆಯನ್ನು ತೆರೆಸಿ ನೋಡದೆ ಹಣ ಕೊಡಬೇಡಿ. ಒಂದು ಚೌಕಟ್ಟನ್ನು ಎತ್ತಿ, ಬೆಳಕು ಹೆಗಲ ಹಿಂದಿನಿಂದ ಕಣಗಳೊಳಗೆ ಬೀಳುವಂತೆ ಹಿಡಿಯಿರಿ. ಮೇಲಂಚಿನಲ್ಲಿ ತುಪ್ಪ, ಅದರ ಕೆಳಗೆ ಹಳದಿ, ಕಿತ್ತಳೆ ಬಣ್ಣದ ಪರಾಗ, ಅದರ ಕೆಳಗೆ ಮರಿಗಳಿರುವ ಕಣಗಳು ಒತ್ತೊತ್ತಾಗಿ ಇರಬೇಕು. ಕಣದ ತಳದಲ್ಲಿ ಅಕ್ಕಿಯ ನುಚ್ಚಿನ ಹಾಗೆ ಒಂದೊಂದೇ ಮೊಟ್ಟೆ ಕಂಡರೆ, ರಾಣಿ ಕಣ್ಣಿಗೆ ಬೀಳದಿದ್ದರೂ ಅದು ಇದೆಯೆಂದೇ ಅರ್ಥ. ಏಕೆಂದರೆ ಮೊಟ್ಟೆ ಸುಮಾರು ಮೂರು ದಿನಗಳಲ್ಲಿ ಒಡೆಯುವುದರಿಂದ, ಕಂಡ ಮೊಟ್ಟೆ ರಾಣಿ ಈಚೆಗಷ್ಟೇ ಇಟ್ಟದ್ದಾಗಿರುತ್ತದೆ. ಮರಿಹುಳುಗಳು ಮುತ್ತಿನ ಬಿಳುಪಿನಲ್ಲಿ ಸುರುಳಿಯಾಗಿ ಮಲಗಿರಬೇಕು. ಹಳದಿಗಟ್ಟಿದ ಹುಳುಗಳು ಕಣದ ಉದ್ದಕ್ಕೂ ಚಾಚಿಕೊಂಡು, ತಲೆ ಮೇಲಕ್ಕೆತ್ತಿ ಸತ್ತಿದ್ದರೆ, ಕಡ್ಡಿಯಿಂದ ಎತ್ತಿದಾಗ ನೀರು ತುಂಬಿದ ಚೀಲವಾಗಿ ಬಂದರೆ, ಆ ಕುಟುಂಬವನ್ನು ಮುಟ್ಟಲೇಬೇಡಿ. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದ ಲಕ್ಷಣ. 1990ರ ದಶಕದ ಆರಂಭದಲ್ಲಿ ಈ ರೋಗವೇ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಮಲೆನಾಡು, ಕೊಡಗು, ಕರಾವಳಿಗಳ ಹಳೆಯ ಜೇನು ಸಾಕಣೆದಾರರು ಆ ವರ್ಷಗಳನ್ನು ಇಂದಿಗೂ ಮರೆತಿಲ್ಲ.

ಪೆಟ್ಟಿಗೆಯ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ. ಕಳೆದ ಶತಮಾನದ ಆರಂಭದಲ್ಲಿ ಪಾದ್ರಿ ನ್ಯೂಟನ್ ಅವರು ದಕ್ಷಿಣ ಭಾರತದ ತುಡುವೆಗೆಂದೇ ರೂಪಿಸಿದ ಸಣ್ಣ ಪೆಟ್ಟಿಗೆ ಇಂದಿಗೂ ಬಳಕೆಯಲ್ಲಿದೆ. ಕೆಳಗೆ ಮರಿಕೋಣೆ, ಮೇಲೆ ಜೇನುಕೋಣೆ, ಬಿಚ್ಚಿ ತೆಗೆಯಬಹುದಾದ ಚೌಕಟ್ಟುಗಳು, ಇಷ್ಟೇ ಅದರ ರಚನೆ. ಅದನ್ನು ಎರಡು ಎರಡೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ, ಬೆಳಗಿನ ಎಳೆ ಬಿಸಿಲು ತಾಗುವಂತೆ, ಮಧ್ಯಾಹ್ನ ನುಗ್ಗೆಮರದ ನೆರಳಿರುವಂತೆ ಇಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವುದನ್ನು ಮರೆಯಬೇಡಿ; ಇರುವೆ ಹತ್ತಿದರೆ ಕುಟುಂಬ ಉಳಿಯುವುದು ಕಷ್ಟ.

ಪ್ರಶ್ನೆ: ನಮ್ಮದು ಅಕ್ಕಪಕ್ಕ ಗೋಡೆಗೆ ಗೋಡೆ ತಾಗಿದ ಮನೆ. ತಾರಸಿಯ ಮೇಲೆ ಪೆಟ್ಟಿಗೆ ಇಟ್ಟರೆ ನೆರೆಮನೆಯ ಮಕ್ಕಳಿಗೆ ತೊಂದರೆಯಾದೀತೇ ಎಂಬ ಭಯ ನಮ್ಮ ಅತ್ತೆಯವರದು.
– ಓದುಗರು, ಜಯನಗರ

ಉತ್ತರ: ನಿಮ್ಮ ಅತ್ತೆಯವರ ಭಯ ನ್ಯಾಯವಾದುದೇ. ಪೆಟ್ಟಿಗೆ ತರುವ ಮೊದಲೇ ನೆರೆಯವರಿಗೆ ತಿಳಿಸಿ, ಅವರ ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಬಂದದ್ದುಂಟೇ ಎಂದು ಕೇಳಿ. ಉಂಟೆಂದರೆ ಅಲ್ಲಿ ಜೇನು ಸಾಕದಿರುವುದೇ ಮೇಲು. ಕಚ್ಚಿದ ಜಾಗ ಊದಿಕೊಂಡು ನೋಯುವುದು ಸಹಜ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆದು ಮಂಜುಗಡ್ಡೆ ಇಟ್ಟರೆ ಸಾಕು. ಆದರೆ ಉಸಿರು ಕಟ್ಟುವುದು, ನಾಲಿಗೆ ಅಥವಾ ಗಂಟಲು ಊದುವುದು, ತಲೆಸುತ್ತುವುದು ಕಂಡುಬಂದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂತಹ ತೊಂದರೆ ಯಾರಿಗೂ ಇಲ್ಲವಾದರೆ, ಪೆಟ್ಟಿಗೆಯ ಬಾಗಿಲು ಜನ ಓಡಾಡುವ ಕಡೆಗೆ ಮುಖಮಾಡದಂತೆ ಇರಿಸಿ, ಮುಂದೆ ಕೆಲವು ಅಡಿ ಬಿಟ್ಟು ಆಳೆತ್ತರಕ್ಕೂ ಮಿಕ್ಕ ಹಸಿರು ಬಲೆ ಕಟ್ಟಿ. ಆಗ ಜೇನುನೊಣಗಳು ಹೊರಬಿದ್ದೊಡನೆ ಮೇಲಕ್ಕೇರಿ, ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ಹಾರುತ್ತವೆ. ತಾರಸಿಯ ಸಿಮೆಂಟು ಬೇಸಿಗೆಯಲ್ಲಿ ಕಾಯುವುದರಿಂದ ಮೇಲೆ ಚಪ್ಪರದ ನೆರಳು ಬೇಕೇ ಬೇಕು. ಇನ್ನು ನೀರು: ಅಗಲವಾದ ಮಣ್ಣಿನ ತಟ್ಟೆಯಲ್ಲಿ ಕಲ್ಲುಗಳನ್ನು ಹಾಕಿ, ಕಲ್ಲಿನ ನೆತ್ತಿ ಮುಳುಗದಷ್ಟು ನೀರನ್ನು ಜೇನು ಬರುವ ಮೊದಲ ದಿನದಿಂದಲೇ ಇಡಿ. ನೆರೆಮನೆಯ ಸೋರುವ ನಲ್ಲಿಯನ್ನು ಅವು ಒಮ್ಮೆ ರೂಢಿ ಮಾಡಿಕೊಂಡರೆ ಬಿಡಿಸುವುದು ಕಷ್ಟ, ಮತ್ತು ನೆರೆಯವರೊಂದಿಗೆ ಮನಸ್ತಾಪ ಹುಟ್ಟುವುದು ಬಹುಮಟ್ಟಿಗೆ ಅಲ್ಲಿಯೇ. ಸೊಳ್ಳೆಗೆ ಹೊಗೆ ಹೊಡೆಯುವ ದಿನ ಪೆಟ್ಟಿಗೆಯ ಬಾಗಿಲನ್ನು ಗಾಳಿಯಾಡುವ ಜಾಲರಿಯಿಂದ ಸ್ವಲ್ಪ ಹೊತ್ತು ಮುಚ್ಚಿಡಿ.

ಪ್ರಶ್ನೆ: ಜೂನ್‌ನಲ್ಲಿ ಕೊಂಡ ಕುಟುಂಬ ಆಗಸ್ಟ್‌ನಲ್ಲಿ ಪೆಟ್ಟಿಗೆ ಬಿಟ್ಟು ಹೋಯಿತು. ತೆರೆದು ನೋಡಿದರೆ ಎರಿಗಳ ತುಂಬ ಬಲೆ, ಹುಳು. ಮಾರಿದವರು ನಮ್ಮದೇ ತಪ್ಪು ಎನ್ನುತ್ತಾರೆ. ಆ ಪೆಟ್ಟಿಗೆಯನ್ನು ಮತ್ತೆ ಬಳಸಬಹುದೇ?
– ಓದುಗರು, ಕೆಂಗೇರಿ

ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯಿತು. ಮಳೆಗಾಲದ ಬಾಗಿಲಲ್ಲಿ ಹೊಸಬರಿಗೆ ಕುಟುಂಬವನ್ನು ಮಾರುವವರು, ಮುಂದೆ ಆಹಾರ ಕೊಡಬೇಕಾಗುತ್ತದೆಂಬ ಮಾತನ್ನಾದರೂ ಹೇಳಬೇಕಿತ್ತು.

ಬಲೆ ಕಟ್ಟಿದ್ದು ಮೇಣದ ಪತಂಗದ ಹುಳು. ಅದು ಎರಿಯೊಳಗೆ ಸುರಂಗ ಕೊರೆದು, ರೇಷ್ಮೆಯಂತಹ ನೂಲು ನೇಯುತ್ತಾ ಮೇಣವನ್ನು ತಿನ್ನುತ್ತದೆ. ತಳದ ಹಲಗೆಯ ಮೇಲೆ ಕಾಣುವ ಕಪ್ಪು ಕಾಳುಗಳು ಅದರ ಹಿಕ್ಕೆ. ಆದರೆ ನೊಣಗಳು ಹೋದದ್ದಕ್ಕೆ ಹುಳುವೇ ಮೂಲ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಬಲವಾದ ಕುಟುಂಬ ಅದನ್ನು ತಾನೇ ಹೊರಗೆಳೆದು ಹಾಕುತ್ತದೆ. ಹೂವಿಲ್ಲದೆ ಮಳೆ ಹಿಡಿದು ಮೇವು ನಿಂತಾಗ ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ, ನೊಣಗಳ ಸಂಖ್ಯೆ ಕುಗ್ಗುತ್ತದೆ, ಕಾವಲಿಲ್ಲದ ಎರಿಗಳಿಗೆ ಪತಂಗ ನುಗ್ಗುತ್ತದೆ. ಕೊನೆಗೆ ಉಳಿದ ತುಪ್ಪವನ್ನು ಹೊಟ್ಟೆಗೆ ತುಂಬಿಕೊಂಡು ಇಡೀ ಕುಟುಂಬವೇ ಎದ್ದು ಹೋಗುತ್ತದೆ. ತುಡುವೆಯ ಸ್ವಭಾವವೇ ಅಂತಹುದು. ಇರಲು ಅನುಕೂಲವಿಲ್ಲದ ಮನೆಯಲ್ಲಿ ಅದನ್ನು ಕಟ್ಟಿಹಾಕಲಾಗದು. ರಾಣಿ ನುಸುಳದಷ್ಟು ಕಿರಿದಾದ ತಡೆಯನ್ನು ಬಾಗಿಲಿಗೆ ಹಾಕುವುದುಂಟು, ಆದರೆ ಅದು ಹೊಸ ಕುಟುಂಬ ತಂದ ಕೆಲವು ದಿನಗಳ ಮಟ್ಟಿಗಷ್ಟೇ ಸರಿ; ಹಸಿವಿಗೆ ಅದು ಪರಿಹಾರವಲ್ಲ.

ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾಗಿಲ ಬಳಿ ಸ್ವಲ್ಪ ಹೊತ್ತು ಕುಳಿತು ನೋಡಿ. ಹಿಂಗಾಲುಗಳಲ್ಲಿ ಪರಾಗದ ಉಂಡೆ ಹೊತ್ತ ನೊಣಗಳು ಬರುತ್ತಿದ್ದರೆ ಒಳಗೆ ಮರಿ ಬೆಳೆಯುತ್ತಿದೆಯೆಂದು ತಿಳಿಯಬಹುದು. ಪರಾಗ ಬರುವುದು ನಿಂತು, ಪೆಟ್ಟಿಗೆ ಎತ್ತಿದಾಗ ಹಗುರವೆನಿಸಿದರೆ, ಕುದಿಸಿದ ನೀರಿಗೆ ಅಷ್ಟೇ ಸಕ್ಕರೆ ಕರಗಿಸಿ, ಆರಿದ ಮೇಲೆ ಸಂಜೆಯ ಹೊತ್ತು ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಚೆಲ್ಲಿದರೆ ಇರುವೆಯೂ ಬೇರೆ ಗೂಡಿನ ನೊಣಗಳೂ ಮುತ್ತುತ್ತವೆ. ಬೆಲ್ಲ ಬೇಡ, ಅಂಗಡಿಯ ಜೇನುತುಪ್ಪವಂತೂ ಬೇಡವೇ ಬೇಡ, ಅದರಿಂದ ರೋಗ ಬರಬಹುದು. ನೊಣಗಳು ಮುಚ್ಚಿಕೊಳ್ಳಲಾರದ ಖಾಲಿ ಎರಿಗಳನ್ನು ತೆಗೆದುಬಿಡಿ. ಪ್ರತಿದಿನ ಮುಚ್ಚಳ ತೆಗೆದು ನೋಡುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು.

ಪೆಟ್ಟಿಗೆಯನ್ನು ಖಂಡಿತ ಮತ್ತೆ ಬಳಸಬಹುದು. ಹಾಳಾದ ಎರಿಗಳನ್ನು ಸುಟ್ಟುಹಾಕಿ, ಮರದ ಸಂದುಗಳಲ್ಲಿ ಅಂಟಿರುವ ಬಿಳಿ ಗೂಡುಗಳನ್ನೆಲ್ಲ ಕೆರೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಹುಳು ಹತ್ತದ ಒಳ್ಳೆಯ ಎರಿ ಒಂದೆರಡು ಉಳಿದಿದ್ದರೆ ಎರಡು ದಿನ ಫ್ರೀಜರಿನಲ್ಲಿಟ್ಟು, ಅನಂತರ ಗಾಳಿಯಾಡದಂತೆ ಸುತ್ತಿಡಿ. ಕಣ್ಣಿಗೆ ಕಾಣದ ಮೊಟ್ಟೆಗಳೂ ಸಾಯುತ್ತವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯ ಸಜ್ಜಾದ ಕೆಳಗೆ ದೊಡ್ಡ ಜೇನು ಕಟ್ಟಿದೆ. ಅದನ್ನೇ ಪೆಟ್ಟಿಗೆಗೆ ಹಾಕಿಸಬಹುದೇ?
– ಓದುಗರು, ವೈಟ್‌ಫೀಲ್ಡ್

ಉತ್ತರ: ಸಾಧ್ಯವಿಲ್ಲ. ಅದು ಹೆಜ್ಜೇನು; ಬಯಲಿನಲ್ಲಿ ಒಂದೇ ದೊಡ್ಡ ಎರಿಯನ್ನು ಕಟ್ಟುವ, ಋತುವಿಗೆ ತಕ್ಕಂತೆ ವಲಸೆ ಹೋಗುವ ಜೇನು. ದಯವಿಟ್ಟು ಬೆಂಕಿ ಹಾಕಿಸುವುದಾಗಲಿ ಔಷಧಿ ಹೊಡೆಸುವುದಾಗಲಿ ಮಾಡಬೇಡಿ. ಅದಕ್ಕೆ ಎದುರಾದ ಬಾಲ್ಕನಿಯ ದೀಪವನ್ನು ರಾತ್ರಿ ಆರಿಸಿ, ಪರದೆ ಎಳೆದು, ಗಾಜು ಒರೆಸುವ ಕೆಲಸದವರನ್ನು ಆ ಕಡೆಗೆ ಕಳುಹಿಸದೆ ಇದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅವು ತಾವಾಗಿಯೇ ಹೊರಟುಹೋಗುತ್ತವೆ. ಹೋದ ಮೇಲೆ ಅಂಟಿದ ಮೇಣವನ್ನು ಕೆರೆಸಿಬಿಡಿ, ಏಕೆಂದರೆ ಆ ವಾಸನೆಗೆ ಮತ್ತೆ ಬರುವುದುಂಟು. ಮಕ್ಕಳು ಆಡುವ ಜಾಗಕ್ಕೆ ತೀರ ಹತ್ತಿರವಿದ್ದರೆ ಮಾತ್ರ, ಕೊಲ್ಲದೆ ಸ್ಥಳಾಂತರಿಸಬಲ್ಲ ಅನುಭವಿಗಳನ್ನು ಕರೆಸಿ.

ಪ್ರಶ್ನೆ: ಪೆಟ್ಟಿಗೆ ಇಟ್ಟು ಒಂದು ವರ್ಷವಾಗುತ್ತಾ ಬಂತು. ತುಪ್ಪವನ್ನು ಯಾವಾಗ ತೆಗೆಯಬೇಕು?
– ಓದುಗರು, ಮಲ್ಲೇಶ್ವರ

ಉತ್ತರ: ಮೇಲಿನ ಜೇನುಕೋಣೆಯ ಎರಿಗಳಲ್ಲಿ ಮುಕ್ಕಾಲು ಪಾಲು ಕಣಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ ಮೇಲೆ ತೆಗೆಯಿರಿ. ಅದಕ್ಕೆ ಮೊದಲು ತೆಗೆದ ತುಪ್ಪದಲ್ಲಿ ನೀರಿನ ಅಂಶ ಹೆಚ್ಚಾಗಿದ್ದು ಹುಳಿ ಬರುತ್ತದೆ. ತುಡುವೆಯ ತುಪ್ಪ ಸ್ವಭಾವತಃ ಸ್ವಲ್ಪ ತೆಳು. ಕೆಳಗಿನ ಮರಿಕೋಣೆಯನ್ನು ಮುಟ್ಟಬೇಡಿ, ಎರಿಯನ್ನು ಹಿಂಡಬೇಡಿ. ತಿರುಗಿಸುವ ಯಂತ್ರದಿಂದ ತುಪ್ಪ ತೆಗೆದು ಎರಿಯನ್ನು ಮರಳಿ ಇಟ್ಟರೆ, ಹೊಸದಾಗಿ ಮೇಣ ಕಟ್ಟುವ ಶ್ರಮ ಅವುಗಳಿಗೆ ತಪ್ಪುತ್ತದೆ. ಮೇ ಕಳೆದ ಮೇಲೆ ತೆಗೆಯದೆ, ಉಳಿದದ್ದನ್ನು ಮಳೆಗಾಲಕ್ಕೆಂದು ಅವುಗಳಿಗೇ ಬಿಡಿ. ಮೊದಲ ವರ್ಷ ಒಂದೆರಡು ಬಾಟಲಿ ಸಿಕ್ಕರೂ ತೃಪ್ತಿಪಡಬೇಕು. ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅದರ ನಾಲಿಗೆಗೆ ಜೇನುತುಪ್ಪ ಸವರುವ ರೂಢಿಯನ್ನು ಬಿಡಿ; ಬಾಟ್ಯುಲಿಸಂ ಎಂಬ ಅಪಾಯಕರ ಕಾಯಿಲೆ ಆ ವಯಸ್ಸಿನಲ್ಲಿ ಜೇನುತುಪ್ಪದಿಂದ ಬರಬಹುದು.