ದಿಂಬಿನ ಕೆಳಗಿನ ರಿಮೋಟ್

ಇದು ಕಲಬುರಗಿಯ ಒಂದು ಮನೆಯ ವಿಷಯ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಿರಿ ಅಂತ ಇಬ್ಬರೂ ಒಪ್ಪಿದ್ದಾರೆ.

ಗಂಡ ಹೆಂಡತಿ ಜಗಳಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಅವರು ನನ್ನ ಹತ್ತಿರ ಬಂದದ್ದು ಏಪ್ರಿಲ್ ಕೊನೆಗೆ. ಗಂಡನಿಗೆ 54, ಹೆಂಡತಿಗೆ 47. ಮಾತು ಶುರು ಮಾಡಿದ್ದು ಗಂಡ. "ಆಕಿ ನಸುಕಿನ್ಯಾಗ ಎದ್ದು ಕೆಳಗ ಹೋಗಿ ಮಲಕೋತಾಳ್ರಿ ಮೇಡಂ. ಲಗ್ನ ಆಗಿ ಇಪ್ಪತ್ತೇಳು ವರ್ಷ ಆಗ್ಯಾವ. ಈಗ ನಾ ಬ್ಯಾಡಾಗೀನಿ."

"ಬ್ಯಾಡ ಅಂತ ಯಾರು ಅಂದಾರ?" ಆಕೆ ನನ್ನನ್ನೇ ನೋಡಿ ಹೇಳಿದರು. "ಮೈಯೆಲ್ಲ ಬೆಂಕಿ ಹತ್ತಿದಂಗ ಆಗ್ತದ. ಇವ್ರು ಎ.ಸಿ. ಬಂದ್ ಮಾಡಿ, ರಿಮೋಟ್ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗ್ತಾರ."

ಇಲ್ಲಿ ನನ್ನದೊಂದು ತಪ್ಪಾಯಿತು. ರಿಮೋಟ್ ಅಂದ ಕೂಡಲೇ ಇದು ಮನೆಯಲ್ಲಿ ಯಾರ ಮಾತು ನಡೆಯಬೇಕು ಅನ್ನೋ ಜಗಳ ಅಂದುಕೊಂಡೆ. ಮುಕ್ಕಾಲು ಗಂಟೆ ಅತ್ತೆ, ದುಡ್ಡು, ಮಗಳ ಮದುವೆ ಅಂತ ಕೆದಕಿದೆ. ಎದ್ದು ಹೊರಡುವಾಗಷ್ಟೇ ಮಲಗುವ ಕೋಣೆ ಎಲ್ಲಿದೆ ಅಂತ ಕೇಳಿದ್ದು. ಹೋದ ವರ್ಷ ಮಾಳಿಗೆ ಮೇಲೆ ಹೊಸದಾಗಿ ಕಟ್ಟಿಸಿದ ಕೋಣೆ ಅಂತೆ. ಅದಕ್ಕೂ ಮುಂಚೆ ಪ್ರತಿ ಬೇಸಿಗೆ ಮಾಳಿಗೆಯ ಮೇಲೆ ಹೊರಸು ಹಾಕಿ ಮಲಗುತ್ತಿದ್ದರು. ಆಗ ಜಗಳ ಇತ್ತಾ? ಇಬ್ಬರೂ ಸ್ವಲ್ಪ ಯೋಚಿಸಿ, ಇಲ್ಲ ಅಂದರು.

ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದು ನನ್ನ ಹತ್ತಿರ ಇತ್ತು, ಕೊಟ್ಟು ಕಳಿಸಿದೆ. ಹತ್ತು ರಾತ್ರಿ ಬರೆದುಕೊಂಡು ಬನ್ನಿ ಅಂದೆ. ಆಕೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತಂದರು. ಒಂದು ರಾತ್ರಿಯದು ಹೀಗಿತ್ತು:

"ರಾತ್ರಿ 10: ಕೋಣೆ 35, ಹೊರಗೆ 31. ಎ.ಸಿ. 18ಕ್ಕೆ ಇಟ್ಟೆ. 2:40ಕ್ಕೆ ಎಚ್ಚರ, ನೈಟಿ ಒದ್ದೆ, ಕೋಣೆ 23. 4:10ಕ್ಕೆ ಅವರು ಎ.ಸಿ. ಬಂದ್ ಮಾಡಿದರು. 4:50ಕ್ಕೆ ಕೋಣೆ 29. ನಾನು ಕೆಳಗೆ."

ಜಗಳದ ಮುಕ್ಕಾಲು ಪಾಲು ಈ ನಾಲ್ಕು ಸಾಲಲ್ಲೇ ಇತ್ತು.

ಮೊದಲು ಆ 35. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟ್ ಸ್ಲ್ಯಾಬು ರಾತ್ರಿ ಕಕ್ಕುತ್ತದೆ. ಹೊರಗೆ ಗಾಳಿ ತಣ್ಣಗಾದ ಮೇಲೂ ಒಳಗೆ ಹಂಚು ಕಾದ ಹಾಗೇ ಇರುತ್ತದೆ. ಎ.ಸಿ. ಬಂದ್ ಆದ ನಲವತ್ತೇ ನಿಮಿಷಕ್ಕೆ 29 ಆಗಿದ್ದು ಇದರಿಂದಲೇ. ಸೀಲಿಂಗ್ ಫ್ಯಾನ್ ಬೇರೆ ಆ ಸ್ಲ್ಯಾಬಿನ ಬಿಸಿಯನ್ನೇ ಕೆಳಗೆ ತಳ್ಳುತ್ತಾ ಇರುತ್ತದೆ.

ಆಮೇಲೆ 2:40. ಕೋಣೆ 23 ಇದ್ದಾಗಲೂ ನೈಟಿ ಒದ್ದೆ ಆಗುತ್ತೆ ಅಂದರೆ ಅದು ಕೋಣೆಯ ಕೆಲಸ ಅಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜೆನ್ ಇಳಿಯುತ್ತದೆ. ಆಗ ಮೈಶಾಖ ನೋಡಿಕೊಳ್ಳುವ ಮಿದುಳಿನ ಭಾಗ ತೀರಾ ಸೂಕ್ಷ್ಮವಾಗುತ್ತದೆ. ಮೊದಲು ಲೆಕ್ಕಕ್ಕೇ ಬಾರದಿದ್ದ ಸಣ್ಣ ಏರಿಕೆಗೂ ಬೆವರು ಸುರಿಸಿಬಿಡುತ್ತದೆ. ಇದಕ್ಕೆ ನನ್ನ ಸಲಹೆ ಸಾಲದು. ಸ್ತ್ರೀರೋಗ ತಜ್ಞರನ್ನು ಕಾಣಿ, ಥೈರಾಯ್ಡ್ ಕೂಡ ನೋಡಿಸಿ ಅಂದೆ. ಥೈರಾಯ್ಡ್ ಜಾಸ್ತಿ ಆದರೂ ಹೀಗೇ ಸೆಕೆ, ಬೆವರು ಇರುತ್ತೆ. ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು. ವೈದ್ಯರು ಮಾತ್ರೆ ಶುರು ಮಾಡಿದರು. ಆಕೆಗೆ ಜಾಸ್ತಿ ಸಮಾಧಾನ ಆದದ್ದು ಮಾತ್ರೆಯಿಂದ ಅಲ್ಲ. ವೈದ್ಯರು ಅದಕ್ಕೊಂದು ಹೆಸರು ಹೇಳಿದ್ದನ್ನು ಗಂಡನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡರಲ್ಲ, ಅದರಿಂದ.

ಇನ್ನು 4:10. ಅವರು ಹಟಕ್ಕೆ ಎ.ಸಿ. ಬಂದ್ ಮಾಡುತ್ತಿರಲಿಲ್ಲ. ನಮ್ಮ ಒಳಮೈ ಶಾಖ ರಾತ್ರಿ ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ, ನಸುಕಿನ ನಾಲ್ಕು ಐದರ ಹೊತ್ತಿಗೆ ಎಲ್ಲಕ್ಕಿಂತ ಕೆಳಗಿರುತ್ತದೆ. ಕನಸಿನ ನಿದ್ದೆ ಜಾಸ್ತಿ ಇರುವುದೂ ನಸುಕಿನಲ್ಲೇ. ಆ ನಿದ್ದೆಯಲ್ಲಿ ಬೆವರುವ, ನಡುಗುವ ಶಕ್ತಿ ಬಹಳ ಕುಗ್ಗುತ್ತದೆ. ಮಲಗುವಾಗ ಹಿತವಾಗಿದ್ದ ತಂಪು ನಾಲ್ಕಕ್ಕೆ ಕೊರೆಯುತ್ತದೆ. ಅವರಿಗೆ ನಿಜವಾಗಿಯೂ ಚಳಿ, ಆಕೆಗೆ ನಿಜವಾಗಿಯೂ ಧಗೆ. ಒಬ್ಬರು ಇನ್ನೊಬ್ಬರದ್ದನ್ನು ನಾಟಕ ಅಂದುಕೊಂಡಿದ್ದರು.

18ಕ್ಕೆ ಯಾಕೆ ಇಡುತ್ತೀರಿ ಅಂತ ಕೇಳಿದೆ. ಒಳ್ಳೆ ನಿದ್ದೆಗೆ ಅಷ್ಟು ಬೇಕು ಅಂತ ಮಗ ಮೊಬೈಲಿನಲ್ಲಿ ತೋರಿಸಿದ್ದನಂತೆ. ಅದು ದಪ್ಪ ರಜಾಯಿ ಹೊದ್ದು ಮಲಗುವ ದೇಶಗಳ ಲೆಕ್ಕ. 40 ಡಿಗ್ರಿ ಬಿಸಿಲಿಗೆ ಒಗ್ಗಿದ ಮೈಗೆ ಅದನ್ನೇ ಯಾಕೆ ಹೊಂದಿಸಬೇಕು? ನಮ್ಮಲ್ಲಿ 2020ರಿಂದ ಸ್ಟಾರ್ ಗುರುತಿನ ಎ.ಸಿ.ಗಳು 24ಕ್ಕೇ ಹೊಂದಿಸಿ ಬರುತ್ತವೆ. ನಾನು 25 ಅಥವಾ 26ಕ್ಕೆ ಇಡಿ, ಜೊತೆಗೆ ಫ್ಯಾನ್ ಸಣ್ಣಗೆ ಬಿಡಿ ಅಂದೆ. ಗಾಳಿ ಆಡಿದರೆ ಬೆವರು ಆರುತ್ತೆ, ಆರಿದರೆ ಮೈ ತಣಿಯುತ್ತೆ. ಎ.ಸಿ.ಯಲ್ಲಿದ್ದ ಸ್ಲೀಪ್ ಗುಂಡಿಯನ್ನು ಅವರು ಒಂದು ದಿನವೂ ಒತ್ತಿರಲಿಲ್ಲ. ಅದು ತಾನೇ ಗಂಟೆಗಿಷ್ಟು ಅಂತ ಒಂದೆರಡು ಡಿಗ್ರಿ ಏರಿಸುತ್ತದೆ. ನಾಲ್ಕಕ್ಕೆ ಯಾರೂ ಏಳಬೇಕಾಗಿಲ್ಲ.

ಒಂದೇ ಹೊದಿಕೆ ಇಬ್ಬರಿಗೂ ಬೇಡ ಅಂತಲೂ ಹೇಳಿದೆ. ಅವರಿಗೆ ಅವ್ವ ಹೊಲಿದ ಕೌದಿ ಇತ್ತು, ಆಕೆಗೆ ತೆಳು ಹತ್ತಿ ಚಾದರ. ಫೋಮ್ ಗಾದಿಯ ಮೇಲೆ ಆಕೆಯ ಕಡೆಗಷ್ಟೇ ಹಳೆ ಹತ್ತಿ ಗಾದಿ ಹಾಸಿಕೊಂಡರು. ರಿಮೋಟಿಗೆ ಗೋಡೆಯ ಮೇಲೆ ಒಂದು ಮೊಳೆ.

ಮಲಗುವ ಒಂದು ಗಂಟೆ ಮುಂಚೆ ಬೆಚ್ಚಗಿನ ನೀರು ಹಾಕಿಕೊಳ್ಳಿ ಅಂದಾಗ ಇಬ್ಬರೂ ನಕ್ಕರು. ಅದು ಸುಮ್ನೆ ಹೇಳಿದ್ದಲ್ಲ. ಬೆಚ್ಚಗಿನ ನೀರಿಗೆ ಅಂಗೈ, ಅಂಗಾಲಿನ ರಕ್ತನಾಳ ಅರಳುತ್ತವೆ. ಒಳಗಿನ ಶಾಖ ಅಲ್ಲಿಂದ ಹೊರಗೆ ಹೋಗುತ್ತೆ, ನಿದ್ದೆ ಬೇಗ ಹತ್ತುತ್ತೆ. ಕಾಲು ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಬರುತ್ತದೆ ಅಂತ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ನಕ್ಕ ಕಾರಣ ಆಕೆಯೇ ಹೇಳಿದರು: "ನಮ್ಮ ಮಾಳಿಗಿ ಮ್ಯಾಲಿನ ಕರಿ ಟಾಕಿ ನೀರು ರಾತ್ರಿ ಒಂಬತ್ತಕ್ಕೂ ಕಾದೇ ಇರ್ತದ್ರಿ. ಬ್ಯಾರೆ ಕಾಸೋದೇನದ?" ಸರಿ, ಗೀಜರಿನ ಖರ್ಚು ಉಳಿಯಿತು.

ಸ್ಲ್ಯಾಬಿಗೆ ಬಿಳಿ ಸುಣ್ಣ ಬಳಿಸಿ ಅಂದೆ. ಬಿಸಿಲು ಏರುವ ಮುಂಚೆ ಕಿಟಕಿ ಮುಚ್ಚಿ, ರಾತ್ರಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ತೆರೆದು ಅರ್ಧ ಗಂಟೆ ಬಿಡಿ, ಆಮೇಲೆ ಎ.ಸಿ. ಹಾಕಿ. ಸುಣ್ಣ ಬಳಿಸಿದ ವಾರ ರಾತ್ರಿ ಹತ್ತರ ಲೆಕ್ಕ 32ಕ್ಕೆ ಬಂತು.

ಎಲ್ಲಾ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಇಪ್ಪತ್ತೇಳು ವರ್ಷದ ಮುನಿಸುಗಳಲ್ಲಿ ಕೆಲವಕ್ಕೂ ಧಗೆಗೂ ಸಂಬಂಧ ಇರಲಿಲ್ಲ. ಅವು ಹೊರಬಿದ್ದದ್ದು ಇಬ್ಬರೂ ನಾಲ್ಕು ರಾತ್ರಿ ಚೆನ್ನಾಗಿ ಮಲಗಿ ಬಂದ ಮೇಲೆ. ಅದಕ್ಕೆ ಇನ್ನೂ ಮೂರು ಸಲ ಕೂತೆವು. ವಾರದಲ್ಲಿ ಎರಡು ದಿನ ಆಕೆ ಈಗಲೂ ಕೆಳಗೆ, ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂಲರ್ ಮುಂದೆ ಮಲಗುತ್ತಾರೆ. ಬೇರೆ ಮಲಗುವುದು ಬೇರೆಯಾಗುವುದಲ್ಲ ಅಂತ ಗಂಡನಿಗೆ ಒಪ್ಪಿಸಲು ಸ್ವಲ್ಪ ಕಷ್ಟವೇ ಆಯಿತು. ಈಗ ಕೆಳಗೆ ಹೋಗುವ ಮುಂಚೆ ಆಕೆ ಹೇಳಿ ಹೋಗುತ್ತಾರೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ ಇತ್ತು.

ಜುಲೈನಲ್ಲಿ ಅವರೇ ಫೋನ್ ಮಾಡಿದರು. ಜಗಳ ಏನಿಲ್ಲ, ಮಳೆ ಹತ್ತಿದೆ, ಕೂಲರ್ ಹಚ್ಚಿದರೆ ಆಕೆಗೆ ಮೈಯೆಲ್ಲ ಅಂಟು ಅಂತೆ. ಗಾಳಿಯಲ್ಲೇ ತೇವ ಇರುವಾಗ ನೀರು ಆರುವುದಿಲ್ಲ, ಬೆವರೂ ಆರುವುದಿಲ್ಲ. ಪಂಪ್ ಬಂದ್ ಮಾಡಿ, ಎದುರಿನ ಕಿಟಕಿ ತೆರೆದಿಟ್ಟು, ಬರೀ ಗಾಳಿ ಬಿಡಿ ಅಂದೆ. "ತಡೀರಿ, ಆಕಿಗೆ ಹೇಳ್ತೀನಿ" ಅಂತ ಫೋನ್ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದರು.